ಗಾಣದಜ್ಜಿಯ ಎತ್ತು ನಡೆದದ್ದು

ಗಾಣದಜ್ಜಿಯ ಬಲಗೈ ತೋರುಬೆರಳು ಯಾವಾಗಲೂ ಎಣ್ಣೆಯಿಂದ ಮಿರುಗುತ್ತಿತ್ತು. ಅದೇ ಬೆರಳನ್ನು ನನ್ನ ಲ್ಯಾಪ್‌ಟಾಪಿನ ತೆರೆಗೆ ಒತ್ತಿ ತಪ್ಪು ತೋರಿಸುತ್ತಿದ್ದರು. ಮೊದಲ ಸಲ ಹದಿನಾಲ್ಕು ಗುರುತು, ಎರಡನೆಯ ಸಲ ಒಂಬತ್ತು, ಮೂರನೆಯ ಸಲ ನಾಲ್ಕು. ಒರೆಸುವ ಮುಂಚೆ ಎಣಿಸಿ ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದೆ.

ಹ್ಯಾಂಡ್‌ಪೋಸ್ಟ್ ಎಂಬ ಊರಿನಲ್ಲಿ ಎತ್ತಿನ ಗಾಣ ನಡೆಸುವ ಈ ಅಜ್ಜಿಯ ಪರಿಚಯವಾದದ್ದು ನಾನು ಕೆಲಸಕ್ಕಿದ್ದ ಹುಣಸೂರಿನ ಬ್ಯಾನರ್ ಅಂಗಡಿಯಲ್ಲಿ. ಅಲ್ಲಿ ಮೂರು ವರ್ಷದಲ್ಲಿ ನಾನು ಮಾಡಿದ ಹುಟ್ಟುಹಬ್ಬದ ಬ್ಯಾನರುಗಳೇ ಆರುನೂರ ಹನ್ನೆರಡು. ಅಜ್ಜಿಯ ಹುಚ್ಚೆಳ್ಳೆಣ್ಣೆ ಬಾಟಲಿಗೆ ಎತ್ತಿನ ಚಿತ್ರವಿರುವ ಲೇಬಲ್ ಮಾಡಿಕೊಟ್ಟಾಗ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಈ ಎತ್ತ ನಡ್ಸಕ್ ಬತ್ತದಾ ಮಗಾ?"

"ಬರಲ್ಲ ಅಜ್ಜಿ. ಕಲೀಬೇಕು."

"ಕಲಿ, ಅದಕ್ಕೇನಂತೆ. ಹೊಸ ಎತ್ತ ಕಟ್ಟಿದ ದಿನ್ವೇ ಎಣ್ಣೆ ಕೇಳ್ತೀವಾ? ಮೊದ್ಲು ಮೇವು ಆಕ್ತೀವಿ. ನಿಂಗೂ ಆಕ್ತೀನಿ ಬುಡು."

ಕಲಿಯುವ ದಿನಗಳಿಗೂ ಕೂಲಿ ಕೊಡುತ್ತೇನೆ ಎಂದು ಅದರ ಅರ್ಥ. ಹಾಗೆ ಹೇಳಿದ ಗಿರಾಕಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಅವರಿಗೆ ಬೇಕಾಗಿದ್ದದ್ದು ಒಂದು ನಿಮಿಷದ ವಿಡಿಯೊ. ಎತ್ತು ಸುತ್ತಬೇಕು, ಒರಳಿನೊಳಗೆ ಕಾಳು ಎಣ್ಣೆಯಾಗುವುದು ಕಾಣಬೇಕು. ಒರಳಿನೊಳಗೆ ಕ್ಯಾಮೆರಾ ಇಳಿಯುವುದಿಲ್ಲ. ಚಿತ್ರ ಬರೆದೇ ಚಲಿಸುವಂತೆ ಮಾಡಬೇಕು. ಅದನ್ನು ಕಲಿಯಲೆಂದು ನಾನು ಅಂಗಡಿ ಬಿಟ್ಟೆ. "ದೀಪಾವಳಿ ಗಂಟ ನೋಡು. ಆಮೇಲೂ ಬೇರೆ ಕೆಲ್ಸ ಸಿಗ್ನಿಲ್ಲ ಅಂದ್ರೆ ತೆಪ್ಪಗೆ ಬ್ಯಾನರ್‌ಗೆ ಓಗು" ಎಂದು ಗಾವಡಗೆರೆಯ ಮನೆಯಲ್ಲಿ ಅಮ್ಮ ಗಡುವು ಹಾಕಿದರು. ಅಂಗಡಿಯವರೂ ಅಲ್ಲಿಯವರೆಗೆ ನನ್ನ ಕುರ್ಚಿಯನ್ನು ಖಾಲಿ ಇಡಲು ಒಪ್ಪಿದರು.

ಹನ್ನೊಂದು ದಿನ ಪಾಠದ ವಿಡಿಯೊಗಳನ್ನು ನೋಡಿ ಮಾಡಿದ ಎತ್ತು ಗಾಣದ ಸುತ್ತ ಒಂದೇ ಸಮನೆ ಸುತ್ತಿತು. ನನಗೋ ಹೆಮ್ಮೆ. ಅಜ್ಜಿ ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸಿದರು.

"ಇದೇನವ್ವಾ, ಫ್ಯಾನಿಗೆ ಕೊಂಬು ಇಟ್ಟಂಗದೆ!"

"ಯಾಕಜ್ಜಿ, ಎಲ್ಲೂ ನಿಲ್ಲದೆ ಸುತ್ತುತ್ತಲ್ಲ?"

"ಅದೇ ಕಣವ್ವ ತಪ್ಪು. ಅದು ಎಳೀತಾನೇ ಇಲ್ಲ. ಏಳು, ಬಾ ಇಲ್ಲಿ."

ಗಾಣದ ಪಕ್ಕ ಕೂರಿಸಿದರು. ಫೋನಿನಲ್ಲಿ ಸೆಕೆಂಡು ನೋಡಿ ಬರೆದುಕೊಳ್ಳತೊಡಗಿದೆ. ಹೊಸ ಕಾಳು ಸುರಿದಾಗ ಎತ್ತಿನ ಒಂದು ಸುತ್ತಿಗೆ ಇಪ್ಪತ್ತೆರಡು ಸೆಕೆಂಡು. ಹಿಂಡಿ ಬಿಗಿಯಾಗಿ ಎಣ್ಣೆ ಬಿಡುವ ಹೊತ್ತಿಗೆ ಮೂವತ್ತೊಂದು. ನಿಂತ ಎತ್ತು ಹೊರಡುವಾಗ ಮೊದಲು ಕತ್ತು ತಗ್ಗುತ್ತದೆ, ಹೆಜ್ಜೆ ಆಮೇಲೆ. ನಲವತ್ತು ಸುತ್ತು ಬರೆದಿದ್ದೆ. ಅಜ್ಜಿ ಎತ್ತನ್ನು ಬಿಚ್ಚಿ, ಅದು ಎಳೆಯುತ್ತಿದ್ದ ಅಡ್ಡಮರ ತೋರಿಸಿ, "ಬರ್ದಿದ್ದು ಸಾಕು, ಈ ಮರಕ್ಕೆ ಭುಜ ಕೊಡು" ಎಂದರು. ಅರ್ಧ ಸುತ್ತು ತಳ್ಳುವಷ್ಟರಲ್ಲಿ ನನಗೆ ಏದುಸಿರು. ಅವರು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದರು.

"ನೋಡ್ದಾ? ಭಾರ ಅನ್ನದು ಕಣ್ಣಿಗೆ ಗೊತ್ತಾಗಕಿಲ್ಲ ಕಣವ್ವ."

ಮನೆಗೆ ಬಂದು ಮಾಡಿದ್ದನ್ನೆಲ್ಲ ಅಳಿಸಿದೆ. ಚಲನೆಯ ವೇಗವನ್ನು ಏರಿಳಿಸಲು ಅನಿಮೇಷನ್ ತಂತ್ರಾಂಶದಲ್ಲಿ ಒಂದು ಗೆರೆ ಇದೆ. ಪಾಠದಲ್ಲಿ ಅದನ್ನು ನೋಡಿದ್ದೆ, ಯಾಕೆ ಬೇಕೆಂದು ತಿಳಿದಿರಲಿಲ್ಲ. ಈಗ ಅದನ್ನು ಎಲ್ಲಿ ಬಗ್ಗಿಸಬೇಕೆಂದು ನೋಯುತ್ತಿದ್ದ ಭುಜವೇ ಹೇಳಿತು. ಅಜ್ಜಿಯಿಂದ ಇನ್ನೆರಡು ಸಲ ತಿದ್ದಿಸಿಕೊಂಡೆ.

ದೀಪಾವಳಿಗೆ ಐದು ದಿನವಿರುವಾಗ ವಿಡಿಯೊವನ್ನು ಅಜ್ಜಿಯ ಅಂಗಡಿಯ ಟಿವಿಯಲ್ಲಿ ಹಾಕಿದೆವು. ತೆರೆಯ ಮೇಲಿನ ಎತ್ತು ಕತ್ತು ತಗ್ಗಿಸಿತು. ಅಜ್ಜಿ ತಮಗರಿವಿಲ್ಲದೆಯೇ, "ಊಂ, ಎಳಿ ನನ್ನಪ್ಪಾ!" ಎಂದುಬಿಟ್ಟರು. ಎಣ್ಣೆಗೆ ಬಂದಿದ್ದವರೆಲ್ಲ ಗೊಳ್ಳೆಂದರು. ಎಲ್ಲರಿಗಿಂತ ಜೋರಾಗಿ ನಕ್ಕವರು ಅಜ್ಜಿಯೇ.

ಅಲ್ಲಿ ಕೆ.ಆರ್. ನಗರದ ಅಕ್ಕಿ ಗಿರಣಿಯವರೊಬ್ಬರಿದ್ದರು. "ನಮ್ ಗಿರಣೀಗೂ ಒಂದು ಬೇಕಿತ್ತು. ಗದ್ದೆಗೆ ನೀರು ಅರಿಯೋದ್ರಿಂದ ಶುರುವಾಗ್ಬೇಕು. ಬತ್ತದೇನವ್ವಾ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ, "ಮೊದ್ಲು ಕಾಲುವೆಗೆ ಇಳ್ಸಿ ಅವಳ್ನ, ಆಮೇಲೆ ಕೇಳಿ" ಎಂದರು. ಗಿರಣಿಯವರು ನಕ್ಕು ಒಪ್ಪಿದರು. ಆ ಸಂಜೆಯೇ ಬ್ಯಾನರ್ ಅಂಗಡಿಗೆ ಫೋನ್ ಮಾಡಿ, ನನ್ನ ಕುರ್ಚಿಗೆ ಬೇರೆಯವರನ್ನು ನೋಡಿಕೊಳ್ಳಿ ಎಂದೆ.

ತಂತ್ರಾಂಶ ಕಲಿಸಿದವರು ಹಲವರಿದ್ದಾರೆ. ಅದನ್ನು ತೆರೆಯುವ ಮೊದಲು ಎಲ್ಲಿ ಹೋಗಿ ನಿಲ್ಲಬೇಕೆಂದು ಕಲಿಸಿದವರು ಅಜ್ಜಿಯೊಬ್ಬರೇ.

ಮರುವಾರ ಕೆ.ಆರ್. ನಗರದ ಹೊರಗೆ, ಗದ್ದೆಗಾಲುವೆಯ ಮೊಣಕಾಲುದ್ದ ನೀರಿನಲ್ಲಿ ಒಂದು ಗಂಟೆ ನಿಂತಿದ್ದೆ. ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ಬೈಕು ನಿಲ್ಲಿಸಿ, "ಏನವ್ವಾ, ಏನಾರ ಕಳ್ಕಂಡ್ಯಾ?" ಎಂದು ಕೂಗಿದರು.

"ಇಲ್ಲಣ್ಣ, ಕೆಲ್ಸ ಮಾಡ್ತಾ ಇದೀನಿ" ಎಂದೆ.