ಗೌಡರು ಹೊಗಳಿದ ತಾಳ್ಮೆ

ಬಿಸಿ ಬೆಲ್ಲ ಇನ್ನೇನು ನನ್ನ ಬಾಳೆ ಎಲೆಯ ತುಂಡಿಗೆ ಬೀಳಬೇಕು, ಅಷ್ಟರಲ್ಲಿ ಗೌಡರ ಮಗ ತನಗೇ ಮೊದಲು ಬೇಕೆಂದು ನೆಲಕ್ಕೆ ಬಿದ್ದು ಅಳತೊಡಗಿದ. ಉಡುತಡಿ ಹತ್ತಿರ ಗೌಡರ ಆಲೆಮನೆ. ನಯಾಪೈಸೆ ಬಂದ ಹೊಸತು. ನನಗೆ ಐದಾರು ವರ್ಷ. ಗಾಣಕ್ಕೆ ಕಬ್ಬು ಕೊಡುತ್ತಿದ್ದ ಅವ್ವ, ‘ಅವರಾಗೇ ಕೊಟ್ಟರೆ ಇಸ್ಕೋ, ಕೇಳಬ್ಯಾಡ’ ಎಂದು ನನ್ನನ್ನು ಕೊಪ್ಪರಿಗೆಯ ಹತ್ತಿರ ಕೂರಿಸಿದ್ದಳು. ಆಲೆಮನೆಗೆ ಬಂದವರನ್ನು ಯಾರೂ ಬರಿಗೈಯಲ್ಲಿ ಕಳಿಸುತ್ತಿರಲಿಲ್ಲ. ಅದನ್ನೇ ನಂಬಿ ಬೆಳಿಗ್ಗೆಯಿಂದ ಕಾದಿದ್ದೆ.

ಗೌಡರು ಮಗನಿಗೆ ನನ್ನನ್ನು ತೋರಿಸಿ, ‘ನೋಡಲೇ, ಆ ಹುಡುಗಿ ಎಷ್ಟು ತಾಳ್ಮಿಂದ ಕುಂತಾಳ! ನೀನೂ ಕಲಿ’ ಎಂದರು. ಅವನು ಇನ್ನೂ ಜೋರಾಗಿ ಚೀರಿದ. ಸೌಟಿನಲ್ಲಿದ್ದದ್ದನ್ನು ಅವನ ಬಟ್ಟಲಿಗೆ ಸುರಿದು, ಉಳಿದ ಪಾಕವನ್ನೆಲ್ಲ ಅಚ್ಚಿಗೆ ಹೊಯ್ಯಿಸಿದರು. ಆಮೇಲೆ ನನ್ನ ತಲೆ ಸವರಿ ‘ಜಾಣೆ’ ಎಂದು ಹೊರಟುಹೋದರು. ಅವ್ವ ಎಲ್ಲ ನೋಡಿದಳು. ಗಾಣಕ್ಕೆ ಮತ್ತೊಂದು ಕಬ್ಬು ತುರುಕಿದಳು.

ಈಗಲೂ ಯಾರಾದರೂ ನನ್ನ ಮೊಮ್ಮಗಳಿಗೆ ತಾಳ್ಮೆ ಕಲಿಸಲು ಬಂದರೆ ಮೈಯೆಲ್ಲ ಉರಿಯುತ್ತದೆ. ಮೊದಲು ಅವಳ ಪಾಲು ಅವಳ ಕೈಗೆ ಕೊಡಿ, ಪಾಠ ಆಮೇಲೆ ಹೇಳುವಿರಂತೆ, ಅನ್ನುತ್ತೇನೆ.