ಅಳುವಪ್ಪನ ಮೊದಲ ದೊಡ್ಡ ಮುಖ

ಊರಿಗೆಲ್ಲ ಅವನು ಅಳುವಪ್ಪ. ಹದಿನಾರು ವರ್ಷದ ನಟನೆ, ನೂರು ಚಿಲ್ಲರೆ ಮೂಕಿ ಚಿತ್ರ, ಒಂದರಲ್ಲೂ ನಾಯಕನಲ್ಲ. ಓಡಿಹೋದ ಹುಡುಗಿಯ ಅಪ್ಪ, ಜೈಲಿಗೆ ಹೋದವನ ಅಪ್ಪ, ಬರೀ ಅಪ್ಪ. ಬೇರೆ ನಟರನ್ನು ಅಳಿಸಲು ಸೆಟ್ಟಿನ ಮೂಲೆಯಲ್ಲಿ ಒಬ್ಬ ಪಿಟೀಲು ಕುಯ್ಯಬೇಕಿತ್ತು. ಇವನಿಗೆ ಕ್ಯಾಮೆರಾದ ಹಿಡಿ ತಿರುಗಿದರೆ ಸಾಕು, ಧಾರಾಕಾರ!

ಇನ್ನೂ ಮಜಾ ಎಂದರೆ, ಕಣ್ಣು ಅಳುತ್ತಿದ್ದರೂ ಬಾಯಿ ಹರಟುತ್ತಲೇ ಇರುತ್ತಿತ್ತು. ಸದ್ದು ಯಾರಿಗೂ ಕೇಳುವುದಿಲ್ಲ, ತುಟಿ ಅಲ್ಲಾಡಿದರಾಯಿತು, ಮಾತನ್ನು ಆಮೇಲೆ ಪರದೆಯ ಮೇಲೆ ಅಕ್ಷರದಲ್ಲಿ ತೋರಿಸುತ್ತಿದ್ದರು. ಹಾಗಾಗಿ ಎಲ್ಲರೂ ಬಾಯಿಗೆ ಬಂದದ್ದು ಆಡುತ್ತಿದ್ದರು.

ಅಷ್ಟು ವರ್ಷ ಕ್ಯಾಮೆರಾದಿಂದ ದೂರದಲ್ಲೇ ನಿಂತಿದ್ದವನಿಗೆ ಕೊನೆಗೂ ಪರದೆ ತುಂಬ ಮುಖ ಸಿಕ್ಕಿತು: ಸಾಯುತ್ತಿರುವ ಮಗಳ ಮಂಚದ ಪಕ್ಕದ ಅಪ್ಪ. ಚಿತ್ರ ಬಂದ ದಿನ ಸ್ವಂತ ಮಗಳನ್ನು ಕರೆದೊಯ್ದು ಮುಂದಿನ ಸಾಲಿನಲ್ಲೇ ಕೂರಿಸಿದ. ಆರನೇ ವಯಸ್ಸಿನ ಜ್ವರದಲ್ಲಿ ಅವಳ ಕಿವಿ ಹೋಗಿತ್ತು. ಎದುರಿನವರ ತುಟಿ ನೋಡಿಯೇ ಮಾತು ಹಿಡಿಯುತ್ತಿದ್ದಳು. ನನ್ನಪ್ಪನಷ್ಟು ದೊಡ್ಡ ನಟ ಇಲ್ಲ ಎಂದು ನಂಬಿದ್ದವಳು ಜಗತ್ತಿನಲ್ಲಿ ಅವಳೊಬ್ಬಳೇ. ಆ ನಂಬಿಕೆಯೇ ಅವನ ಆಸ್ತಿ.

ಮುಖ ಬಂತು. ಥಿಯೇಟರ್ ಪೂರ್ತಿ ಮೂಗು ಸೊರಸೊರ. ಅವನು ಬೀಗುತ್ತ ಮಗಳ ಕಡೆ ತಿರುಗಿದ. ಪರದೆಯ ತುಟಿಯ ಜೊತೆ ಅವಳ ತುಟಿಯೂ ಮೆಲ್ಲಗೆ ಅಲ್ಲಾಡುತ್ತಿತ್ತು. ಆ ಮುಖ ತೆಗೆದ ದಿನ ಕ್ಯಾಮೆರಾದವನಿಗೆ ತಾನು ಏನೆಂದಿದ್ದೆ ಎಂಬುದು ಅವನಿಗೆ ಆಗ ನೆನಪಾಯಿತು.

ಹೊರಗೆ ಮೆಟ್ಟಿಲ ಮೇಲೆ ಅವಳೇ ಕೇಳಿದಳು. "ಅಪ್ಪಾ, 'ದೇವರೇ, ನನ್ನ ಮಗಳನ್ನು ಉಳಿಸು' ಅಂತ ತೋರಿಸಿದ್ರು. ನೀನು ಹೇಳಿದ್ದು ಅದಲ್ಲ."

"ಯಾವುದಮ್ಮ?"

"'ನಮ್ಮನೇಲೂ ಒಂದು ಕಿವುಡಿ ಇದೆ ಕಣಯ್ಯ. ಆ ಜ್ವರದಲ್ಲೇ ಹೋಗಿದ್ರೆ ಎಲ್ಲರಿಗೂ ನಿಶ್ಚಿಂತೆ ಆಗ್ತಿತ್ತು' ಅಂದೆ."

"ಅಯ್ಯೋ, ಸುಮ್ನೆ ಬಾಯಿಗೆ ಬಂದಿದ್ದು ಪುಟ್ಟಾ. ಅಲ್ಲಿ ಎಲ್ಲರೂ ಏನೇನೋ ಆಡ್ತಾರೆ."

"ಅಳು ಸುಳ್ಳಾ, ಮಾತು ಸುಳ್ಳಾ?"

ಅವನಿಗೆ ಅಳು ಒತ್ತರಿಸಿ ಬಂತು. ಅವಳು ಅವನ ಕೆನ್ನೆಯನ್ನೇ ಒಂದು ಗಳಿಗೆ ನೋಡಿದಳು.

"ಚೆನ್ನಾಗ್ ಮಾಡ್ತೀಯ," ಅಂದಳು.

ಹಿಂದಿನಿಂದ ಯಾರೋ ಬಂದು ಬೆನ್ನು ತಟ್ಟಿದರು. "ಏನ್ ಅಳುವಪ್ಪ, ಸಾಯಿಸ್ಬಿಟ್ಟೆ ಇವತ್ತು."

ಅವನು ಮಗಳ ಎರಡೂ ಭುಜ ಹಿಡಿದು, ತುಟಿ ಬಿಡಿಸಿ ಬಿಡಿಸಿ ಹೇಳತೊಡಗಿದ. ಅವಳು ಕಣ್ಣು ಮುಚ್ಚಿಕೊಂಡಳು.