ಸ್ಟೇರಿಂಗ್ ಲೈಟ್ ಆರಿಸಿದ ಕಥೆ

ಗೆಳೆಯರೇ, ಬೀದರಿನ ನನ್ನ ಗ್ಯಾರೇಜಿನಲ್ಲಿ ಇವತ್ತು ನನ್ನ ಮರ್ಯಾದೆ ಹೋಯಿತು. ಕಳೆದವನೂ ನಾನೇ.

ನಿನ್ನೆ 'ರಿಪೇರಿ ಆಯ್ತು' ಎಂದು ಕಳಿಸಿದ್ದ ಕಾರನ್ನು ಭಾಲ್ಕಿಯ ನರ್ಸ್ ಒಬ್ಬರು ಬೆಳಿಗ್ಗೆಯೇ ವಾಪಸ್ ತಂದರು. ಸ್ಟೇರಿಂಗಿನ ಹಳದಿ ಲೈಟ್ ಮತ್ತೆ ಉರಿಯುತ್ತಿತ್ತು.

"ಭಾತಂಬ್ರಾ ತಿರುವಿನಾಗ ಸ್ಟೇರಿಂಗ್ ಕಲ್ಲಾಗಿ ಹೋಯ್ತು ಅಣ್ಣಾ. ಎದುರಿಗಿ ಟ್ರ್ಯಾಕ್ಟರ್ ಬರಲಿಕತ್ತಿತ್ತು. ಎರಡೂ ಕೈಲಿ ಜಗ್ಗಿ ಉಳದೀನಿ."

"ನೀವು ಸ್ಟೇರಿಂಗ್ ಪೂರಾ ತಿರುಗಿಸಿ ಹಂಗೇ ಹಿಡೀತೀರೇನ್ರಿ ಸಿಸ್ಟರ್? ಸ್ಟೇರಿಂಗ್ ಹಗುರ ಮಾಡೋ ಮೋಟಾರ್ ಬಿಸಿ ಆಗ್ತದ," ಎಂದೆ. ತಪ್ಪನ್ನು ಅವರ ಕೈಗೆ ದಾಟಿಸುವ ಆತುರ ನನಗೆ.

"ಅದಿರಲಿ, ನಿನ್ನಿ ನೀವು ಏನ್ ಮಾಡಿದ್ರಿ?"

ನಿನ್ನೆ ಸ್ಕ್ಯಾನರ್ ಹಚ್ಚಿದಾಗ, ಮೋಟಾರಿನ ಕಂಟ್ರೋಲರ್‌ಗೆ ಕರೆಂಟ್ ಸಾಲುತ್ತಿಲ್ಲ ಎಂದು ಅದು ಸ್ಪಷ್ಟವಾಗಿ ತೋರಿಸಿತ್ತು. ಯಾಕೆಂದು ಹುಡುಕುವ ಗೋಜಿಗೆ ಹೋಗದೆ, ಆ ದೂರನ್ನು ಅಳಿಸಿ ಲೈಟ್ ಆರಿಸಿ ಕಳಿಸಿದ್ದೆ. ತಲೆ ತಗ್ಗಿಸಿ ಅದನ್ನೇ ಹೇಳಿದೆ.

ಅವರು ಕೂಗಾಡಲಿಲ್ಲ. "ನಾನೂ ಥರ್ಮಾಮೀಟರ್ ಝಾಡಿಸಿ ಪಾದರಸ ಇಳಿಸಿ, ಜ್ವರ ಹೋಯ್ತು, ಮನಿಗಿ ನಡೀರಿ ಅಂದ್ರ ಹ್ಯಾಂಗ್ರಿ?" ಎಂದರು.

ಕೂಗಾಡಿದ್ದರೇ ಚೆನ್ನಾಗಿತ್ತು.

ಬ್ಯಾಟರಿ ಎತ್ತಿ ನೋಡಿದರೆ, ಕೆಳಗೆ ಅರ್ತಿಂಗ್ ವೈರಿನ ಬೋಲ್ಟ್ ತುಕ್ಕು ಹಿಡಿದು ಸಡಿಲಾಗಿತ್ತು; ಕರೆಂಟ್ ಸಾಲದ್ದು ಅದಕ್ಕೇ. ಉಜ್ಜಿ, ಬಿಗಿ ಮಾಡಿ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಭಾತಂಬ್ರಾ ತಿರುವಿನವರೆಗೆ ನಾನೇ ಓಡಿಸಿ ನೋಡಿದೆ. ಸ್ಟೇರಿಂಗ್ ಹಗುರವಾಗಿತ್ತು. ನನ್ನ ಮುಖವೊಂದೇ ಭಾರ.

ವಾಪಸ್ ಬಂದು ನಾನೇ ಬರೆಸಿದ ಬೋರ್ಡ್ ಓದಿದೆ: 'ಯಾವುದೇ ವಾರ್ನಿಂಗ್ ಲೈಟ್ ಹತ್ತು ನಿಮಿಷದಲ್ಲಿ ಬಂದ್.' ರಿಪೇರಿ ಮಾಡುತ್ತೇವೆ ಅಂತ ಎಲ್ಲೂ ಬರೆಸಿಲ್ಲ. ನನ್ನ ಗ್ಯಾರೇಜಿನಲ್ಲಿ ಸುಳ್ಳು ಹೇಳದಿರುವುದು ಆ ಬೋರ್ಡ್ ಒಂದೇ ನೋಡಿ.